ಕಾಡಿನ ಗುಡಿ, ಉತಾರದಲ್ಲಿ ‘ಅರಣ್ಯ’: ವಕೀಲರನ್ನು ಕೇಳಿ

(ಧಾರವಾಡ, ಗದಗ, ಹಾವೇರಿ ಜಮೀನು ಸಲಹೆ ಗುಂಪು. ಉತ್ತರ ಕೊಡುವವರು ಧಾರವಾಡದ ವಕೀಲರು.)

ಮುಂಡರಗಿ ಸದಸ್ಯ: ನಮಸ್ಕಾರ ಸರ್. ಕಪ್ಪತಗುಡ್ಡದ ಕಾಡಿನಲ್ಲಿ ನಮ್ಮೂರ ದೇವರ ಗುಡಿ ಇದೆ. ಅಜ್ಜನ ಕಾಲದಿಂದ ಶ್ರಾವಣದಲ್ಲಿ ಪಾದಯಾತ್ರೆ ಹೋಗುತ್ತೇವೆ. ಈ ವರ್ಷ ಪಟ್ಟಿ (ಚಂದಾ) ಎತ್ತಿ, ಗುಡಿ ಪಕ್ಕ ದಾಸೋಹದ ಮನೆಗೆ ಜೆಸಿಬಿ ತಂದು ಪಾಯ ತೆಗೆಸಿದೆವು. ಈಗ ಅರಣ್ಯದವರ ನೋಟಿಸ್ ಬಂದಿದೆ. ಉತಾರದಲ್ಲಿ (ಪಹಣಿಯಲ್ಲಿ) ‘ಅರಣ್ಯ’ ಅಂತಲೇ ಇದೆ. ಏನು ಮಾಡಬೇಕು?

ವಕೀಲರು: ಮೊದಲು ಕೆಲಸ ನಿಲ್ಲಿಸಿ, ಇವತ್ತೇ. ಜೆಸಿಬಿ ವಾಪಸ್ ಕಳಿಸಿ. ನಿಮ್ಮ ವಿಷಯ ನನಗೆ ನಿಜಕ್ಕೂ ಚಿಂತೆ ತಂದಿದೆ, ಅದಕ್ಕೇ ಉದ್ದ ಬರೆಯುತ್ತೇನೆ.

ಇಲ್ಲಿ ಎರಡು ಹಕ್ಕುಗಳಿವೆ. ಗುಡಿಗೆ ಹೋಗುವ, ಪೂಜೆ ಮಾಡುವ, ಜಾತ್ರೆ ನಡೆಸುವ ಹಕ್ಕು ಒಂದು. ನೆಲದ ಒಡೆತನ ಇನ್ನೊಂದು. ಮೊದಲನೆಯದು ನಿಮಗೆ ಇರಬಹುದು. ಎರಡನೆಯದು ಇಲ್ಲ. ಇಲ್ಲದ್ದನ್ನು ಕೇಳಲು ಹೋಗಿ ಇದ್ದದ್ದನ್ನೂ ಕೆಡಿಸಿಕೊಳ್ಳಬೇಡಿ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣೆ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಮೊದಲೇ ಬೇಕು. ಧಾಮದ ಒಳಗಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೂ ಹೋಗಬೇಕು. ಪಂಚಾಯ್ತಿ ಠರಾವು, ಶಾಸಕರ ಪತ್ರ ಇದಕ್ಕೆ ಸಾಲುವುದಿಲ್ಲ.

ಆದರೆ ಕಾಡನ್ನು ಕಾಯ್ದಿರಿಸುವಾಗ, ಧಾಮ ಮಾಡುವಾಗ, ಜನರ ಹಳೇ ಹಕ್ಕುಗಳನ್ನು ವಿಚಾರಿಸಿ ಬರೆದಿಡಬೇಕು. ಆ ಅಧಿಸೂಚನೆಗಳ ಪ್ರತಿ ತೆಗೆಸಿ. ನಿಮ್ಮ ಗುಡಿ, ದಾರಿ, ಜಾತ್ರೆ ಬರೆದಿದೆಯಾ ನೋಡಿ. ಹಳೇ ಮೋಜಣಿ ನಕಾಶೆ, ಜಾತ್ರೆಯ ಪರವಾನಗಿ ಕಾಗದ, ಏನಿದ್ದರೂ ಕೂಡಿಸಿಡಿ. ಪೂಜೆ ಉಳಿಸುವುದು ಈ ಕಾಗದಗಳು, ಪಾಯ ಅಲ್ಲ.

ಗದಗ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ‘12 ವರ್ಷ ಪೂಜೆ ನಡೆದರೆ ಜಾಗ ದೇವರದ್ದೇ. ಎಲ್ಲ ಭಕ್ತರಿಗೂ ಕಳಿಸಿ.’

ವಕೀಲರು: ಕಳಿಸಬೇಡಿ. 12 ವರ್ಷ ಖಾಸಗಿ ಜಮೀನಿಗೆ. ಸರ್ಕಾರಿ ಜಮೀನಿಗೆ 30. ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಕಲಮಿನ ಅಧಿಸೂಚನೆ (ಕಾಡು ಕಾಯ್ದಿರಿಸುತ್ತೇವೆ ಅಂತ ಸಾರುವುದು) ಹೊರಟ ಮೇಲೆ ಆ ಕಾಡಿನಲ್ಲಿ ಸುಮ್ನೆ ಕೂತು ಹೊಸ ಹಕ್ಕು ಗಳಿಸಲು ಬರುವುದಿಲ್ಲ. ಇಂಥ ಮೆಸೇಜ್ ನಂಬಿದವರ ಮೇಲೆ ಕೇಸು ಬೀಳುತ್ತದೆ. ಕಳಿಸಿದವರು ಕೋರ್ಟಿಗೆ ಬರುವುದಿಲ್ಲ.

ಹುಬ್ಬಳ್ಳಿ ಸದಸ್ಯ: ಅಮರನಾಥಕ್ಕೆ 2008ರಲ್ಲಿ ಕಾಡಿನ ಜಮೀನು ಕೊಟ್ಟರಲ್ಲ ಸರ್? ಅಲ್ಲಿಗೊಂದು ನ್ಯಾಯ, ನಮಗೊಂದು ನ್ಯಾಯವಾ?

ವಕೀಲರು: ಪೂರ್ತಿ ಓದಿ. 2008ರ ಮೇ ತಿಂಗಳಲ್ಲಿ ಬಾಲ್ಟಾಲ್ ಕಡೆ ಸುಮಾರು 40 ಹೆಕ್ಟೇರ್ ಕಾಡನ್ನು ಅಮರನಾಥ ದೇವಸ್ಥಾನ ಮಂಡಳಿಗೆ ವಹಿಸಲು ಅಲ್ಲಿನ ಸರ್ಕಾರ ಒಪ್ಪಿತು. ಯಾತ್ರಿಕರಿಗೆ ತಾತ್ಕಾಲಿಕ ವಸತಿ ಕಟ್ಟುವುದಕ್ಕೆ. ಅದನ್ನು ವಿರೋಧಿಸಿ ಕಾಶ್ಮೀರ ಕಣಿವೆ ಎದ್ದು ನಿಂತಿತು. ಜುಲೈ 1ಕ್ಕೆ ಆದೇಶ ರದ್ದಾಯಿತು. ರದ್ದು ಮಾಡಿದ್ದಕ್ಕೆ ಜಮ್ಮು ಎದ್ದಿತು. ಜುಲೈ 7ಕ್ಕೆ ಮುಖ್ಯಮಂತ್ರಿ ಗುಲಾಂ ನಬಿ ಆಜಾದ್ ರಾಜೀನಾಮೆ ಕೊಟ್ಟರು. ಎರಡೂ ಕಡೆ ಜನ ಸತ್ತರು. ಕೊನೆಗೆ ಆಗಸ್ಟ್ 31ರ ಒಪ್ಪಂದ ಏನು? ಯಾತ್ರೆಯ ಕಾಲದಲ್ಲಿ 800 ಕನಾಲ್ (ಸುಮಾರು 40 ಹೆಕ್ಟೇರ್) ಜಾಗ ಮಂಡಳಿ ಬಳಸಬಹುದು, ಒಡೆತನ ಬದಲಾಗುವುದಿಲ್ಲ. ಅಷ್ಟು ದೊಡ್ಡ ಯಾತ್ರೆಗೇ ಸಿಕ್ಕಿದ್ದು ಬಳಕೆ ಮಾತ್ರ. ಮುಂಡರಗಿಯವರೂ ಅದನ್ನೇ ಕೇಳಲಿ: ಶ್ರಾವಣದಲ್ಲಿ ಇಷ್ಟು ದಿನ, ನೀರು, ನೆರಳು, ಬಿಚ್ಚಿ ಒಯ್ಯುವ ಪೆಂಡಾಲು.

ಹುಬ್ಬಳ್ಳಿ ಸದಸ್ಯ: ಗಣಿಯವರಿಗೆ ಕಾಡು ಬಿಡುತ್ತಾರೆ. ದೇವರಿಗೆ ಮಾತ್ರ ಕಾಯ್ದೆ.

ಶಿರಹಟ್ಟಿ ಸದಸ್ಯೆ: ಕಪ್ಪತಗುಡ್ಡವನ್ನು ಗಣಿಗೆ ಬಿಡಬೇಡಿ ಅಂತ 2017ರಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಧರಣಿ ಕೂತಿದ್ದರು. ನಾವೂ ಇದ್ದೆವು. ಈಗ ಅದೇ ಗುಡ್ಡಕ್ಕೆ ನೀವೇ ಜೆಸಿಬಿ ತರುತ್ತೀರಾ?

ಹುಬ್ಬಳ್ಳಿ ಸದಸ್ಯ: ನಾಲ್ಕು ಕೋಣೆಗೂ ಗಣಿಗೂ ಹೋಲಿಕೆಯಾ ಅಕ್ಕಾ? ಭಕ್ತರು ಬಿಸಿಲಲ್ಲಿ ಉಣ್ಣಬೇಕಾ?

ಶಿರಹಟ್ಟಿ ಸದಸ್ಯೆ: ಇವತ್ತು ನಾಲ್ಕು ಕೋಣೆ. ಆಮೇಲೆ ರಸ್ತೆ, ಅಂಗಡಿ, ಪಾರ್ಕಿಂಗ್. ಔಷಧಿ ಗಿಡದ ಗುಡ್ಡ ಅದು. ಗಿಡ ಹೋದ ಮೇಲೆ ಯಾತ್ರೆ ಎಲ್ಲಿಗೆ?

ಹುಬ್ಬಳ್ಳಿ ಸದಸ್ಯ: ನಿಮಗೆ ಭಕ್ತಿ ಇಲ್ಲ ಬಿಡಿ.

ಶಿರಹಟ್ಟಿ ಸದಸ್ಯೆ: ನನ್ನ ಭಕ್ತಿ ಅಳೆಯೋಕೆ ನೀವು ಯಾರು?

ಹಾವೇರಿ ಸದಸ್ಯ: ಸರ್, ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯ ಭವನಕ್ಕೆ ಅವಕಾಶ ಇದೆಯಂತೆ?

ವಕೀಲರು: ಒಳ್ಳೇ ಪ್ರಶ್ನೆ. 2006ರ ಕಾಯ್ದೆಯ 3(2)ನೇ ಕಲಮು. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ಸಮುದಾಯ ಕೇಂದ್ರ, ಹೀಗೆ 13 ಸೌಲಭ್ಯಗಳಿವೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಆದರೆ ಅವು ಸರ್ಕಾರ ನಡೆಸುವ ಸೌಲಭ್ಯಗಳು. ಗುಡಿ, ಕಮಿಟಿಯ ದಾಸೋಹ ಆ ಪಟ್ಟಿಯಲ್ಲಿಲ್ಲ. ಬೇರೆ ಹೆಸರು ಬರೆದು ಅರ್ಜಿ ಹಾಕಬೇಡಿ.



ಗದಗ ಸದಸ್ಯ: 12 ವರ್ಷ ಆಗಿದ್ದರೆ ಜಾಗ ನಮ್ಮದಲ್ವಾ?

ವಕೀಲರು: ಇಲ್ಲ. ಮೇಲೆ ಹೇಳಿದ್ದೇನೆ.

ನವಲಗುಂದ ಸದಸ್ಯ: ಗುಡ್ಡದ ಕೆಳಗಿನ ರೈತ 100 ರೂಪಾಯಿ ಬಾಂಡ್ ಮೇಲೆ ದೇವರಿಗೆ ಹತ್ತು ಗುಂಟೆ ಬರೆದುಕೊಟ್ಟರೆ ನಡೆಯುತ್ತಾ?

ವಕೀಲರು: ಬಾಂಡ್ ಸಾಲದು. ದಾನಪತ್ರ ನೋಂದಣಿ ಆಗಬೇಕು. ಕಟ್ಟುವ ಮುಂಚೆ ಎನ್.ಎ. (ಕೃಷಿಯೇತರ) ಮಾಡಿಸಬೇಕು. ಮುಂಡರಗಿಯವರೇ, ಇದನ್ನು ಗಮನಿಸಿ. ಕಾಡಿನ ಗಡಿಯಾಚೆ ಖಾಸಗಿ ಪಟ್ಟಾ ಜಮೀನು ಸಿಕ್ಕರೆ ದಾಸೋಹದ ಮನೆ ಅಲ್ಲೇ ಆಗಲಿ.

ಗದಗ ಸದಸ್ಯ: ಸರ್, ಕರ್ನಾಟಕದಲ್ಲಿ 2021ರಲ್ಲಿ ದೇವಸ್ಥಾನ ಉಳಿಸುವ ಕಾಯ್ದೆ ಬಂದಿದೆ. ನೀವೇಕೆ ಹೆದರಿಸುತ್ತೀರಿ?

ವಕೀಲರು: ಆ ಕಾಯ್ದೆ ಬರುವ ಮುಂಚೆಯೇ ಇದ್ದ ಕಟ್ಟಡಗಳಿಗೆ ಅದು. ಈ ವರ್ಷ ತೋಡಿದ ಪಾಯಕ್ಕಲ್ಲ. ನಾನು ಹೆದರಿಸುತ್ತಿಲ್ಲ. ನೋಟಿಸ್ ಬಂದಿರುವುದು ನಿಮ್ಮ ಮನೆಗಲ್ಲ, ಮುಂಡರಗಿಯವರ ಮನೆಗೆ.

ಹುಬ್ಬಳ್ಳಿ ಸದಸ್ಯ: ಫೀಸಿಗಾಗಿ ಹೀಗೆಲ್ಲ ಹೇಳುತ್ತಾರೆ.

ಅಡ್ಮಿನ್: ಹುಬ್ಬಳ್ಳಿಯವರೇ, ಈ ಮಾತು ಸರಿಯಲ್ಲ. ಅಳಿಸಿ.

ಮುಂಡರಗಿ ಸದಸ್ಯ: ಸರ್, ಕೆಲಸ ನಿಲ್ಲಿಸಿದ್ದೇವೆ. ಕಮಿಟಿಯಲ್ಲಿ ಇಬ್ಬರು ಒಪ್ಪುತ್ತಿಲ್ಲ. ನೋಟಿಸಿಗೆ ಉತ್ತರ ಯಾರ ಹೆಸರಲ್ಲಿ ಕೊಡಬೇಕು?

ವಕೀಲರು: ನೋಟಿಸ್ ಯಾರ ಹೆಸರಿಗಿದೆಯೋ ಅವರೇ, ಬರಹದಲ್ಲಿ, ಅದರಲ್ಲಿ ಕೊಟ್ಟ ಗಡುವಿನೊಳಗೆ. ಕೆಲಸ ನಿಂತಿದೆ ಅಂತ ಮೊದಲ ಸಾಲಲ್ಲೇ ಬರೆಯಿರಿ. ‘ಜಾಗ ನಮ್ಮದು’ ಅಂತ ಎಲ್ಲೂ ಬರೆಯಬೇಡಿ. ನೋಟಿಸಿನ ಎಲ್ಲ ಪುಟಗಳನ್ನೂ ನನಗೆ ಕಳಿಸಿ. ಈ ಗುಂಪಿಗೆ ಹಾಕಬೇಡಿ.