ದಿ ಮಿಸ್ಟ್ (2007): ಆ ಕೊನೆ ಸಿನಿಮಾವನ್ನ ಎತ್ತಿತಾ, ಕೆಡಿಸಿತಾ?

ರಾತ್ರಿಪಾಳಿ:
ಮೊನ್ನೆ ಮತ್ತೆ ನೋಡಿದೆ. ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ಕ್ಲೈಮ್ಯಾಕ್ಸ್ ಹೇಳದೆ ಮಾತಾಡಲು ಆಗುವುದಿಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಸಣ್ಣ ಊರು. ಬಿರುಗಾಳಿಯ ಮಾರನೇ ದಿನ ಡೇವಿಡ್ ತನ್ನ ಪುಟ್ಟ ಮಗ ಬಿಲ್ಲಿಯನ್ನ ಕರೆದುಕೊಂಡು ಸಾಮಾನು ತರಲು ಸೂಪರ್ ಮಾರ್ಕೆಟ್‌ಗೆ ಹೋಗುತ್ತಾನೆ. ಹೊರಗೆ ಮಂಜು ಕವಿಯುತ್ತದೆ. ಅದರೊಳಗೆ ಏನೇನೋ ಪ್ರಾಣಿಗಳು. ಅಂಗಡಿಯೊಳಗೆ ಕಾರ್ಮೊಡಿ ಅನ್ನುವ ಹೆಂಗಸು ಇದು ದೇವರ ಶಿಕ್ಷೆ, ಬಲಿ ಬೇಕು ಎಂದು ಗುಂಪು ಕಟ್ಟುತ್ತಾಳೆ. ಕೊನೆಗೆ ಐದು ಜನ ಕಾರಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ಪೆಟ್ರೋಲ್ ಮುಗಿಯುತ್ತದೆ. ರಿವಾಲ್ವರ್‌ನಲ್ಲಿ ನಾಲ್ಕೇ ಗುಂಡು. ಡೇವಿಡ್ ಮಗನೂ ಸೇರಿ ನಾಲ್ವರನ್ನ ಕೊಂದು, ತಾನು ಪ್ರಾಣಿಗಳ ಬಾಯಿಗೆ ಬೀಳೋಣ ಎಂದು ಹೊರಗೆ ಇಳಿಯುತ್ತಾನೆ. ಮಂಜಿನಿಂದ ಬರುವುದು ಸೇನೆಯ ಟ್ಯಾಂಕು!
ಅಂಗಡಿಯೊಳಗಿನ ಭಾಗ ಎ ಒನ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋದವನನ್ನ ಎಳೆದರೆ ಅರ್ಧ ಮೈ ಮಾತ್ರ ಬರುತ್ತದಲ್ಲ, ಅಲ್ಲಿ ನನ್ನ ಕೈಯ ಟೀ ಆರಿಹೋಯಿತು. ಆದರೆ ಕೊನೆ ಮೋಸ. ಅಳಿಸಲೇಬೇಕು ಎಂದು ಕೂತು ಬರೆದ ಹಾಗಿದೆ.

ಬಾಲ್ಕನಿ ಸೀಟು:
"ಮೋಸ"ವಾ? ಆ ಕೊನೆಗೋಸ್ಕರ ನಿರ್ದೇಶಕ ಫ್ರಾಂಕ್ ಡಾರಬಾಂಟ್ ಕಡಿಮೆ ಬಜೆಟ್ ಒಪ್ಪಿಕೊಂಡರು. ಸುಮಾರು 1.8 ಕೋಟಿ ಡಾಲರ್‌ನಲ್ಲಿ ಸಿನಿಮಾ ಮುಗಿಸಿದರು, ಕೊನೆ ಮಾತ್ರ ಬದಲಾಯಿಸಲಿಲ್ಲ. ಮೂಲ ಕಥೆ ಬರೆದ ಸ್ಟೀಫನ್ ಕಿಂಗ್ ಅವರೇ ಇದನ್ನ ಮೆಚ್ಚಿದರು, ತನಗೇ ಇದು ಹೊಳೆಯಬೇಕಿತ್ತು ಅನ್ನುವ ಧಾಟಿಯಲ್ಲಿ ಮಾತಾಡಿದರು. ಇನ್ನೇನು ಸರ್ಟಿಫಿಕೇಟ್ ಬೇಕು ನಿಮಗೆ?

ಓದುಗುಳಿ:
ಬರೆದವರು ಮೆಚ್ಚಿದರೆ ಮುಗಿಯಿತಾ? ಅಡುಗೆಯವನು ಚೆನ್ನಾಗಿದೆ ಅಂದರೆ ಸಾರಿಗೆ ಉಪ್ಪು ಸರಿಯಾಗುತ್ತಾ? ನಾನು ಕಥೆ ಓದಿದ್ದೇನೆ, 1980ರದ್ದು. ಅದರಲ್ಲಿ ಅವರು ಮಂಜಿನಲ್ಲಿ ಹೋಗುತ್ತಲೇ ಇರುತ್ತಾರೆ. ರೇಡಿಯೋದಲ್ಲಿ ಒಂದು ಊರಿನ ಹೆಸರು ಕೇಳಿಸಿದ ಹಾಗೆ ಆಗುತ್ತದೆ, ನಿಜವಾಗಿ ಕೇಳಿತೋ ಭ್ರಮೆಯೋ ಗೊತ್ತಿಲ್ಲ. ಅಲ್ಲಿಗೆ ನಿಲ್ಲುತ್ತದೆ. ಪುಸ್ತಕ ಮುಚ್ಚಿದ ಮೇಲೂ ಆ ಕಾರು ನನ್ನ ತಲೆಯೊಳಗೆ ಓಡುತ್ತಿತ್ತು. ಸಿನಿಮಾ ಆ ಕಾರನ್ನ ನಿಲ್ಲಿಸಿ ಬೀಗ ಹಾಕಿಬಿಟ್ಟಿತು.

ಘಾಟಿ ಡ್ರೈವರ್:
ಕಾರು ನಿಂತಿತು ಅಂದಿರಿ, ಅದೇ ನನ್ನ ಪ್ರಶ್ನೆ. ಪೆಟ್ರೋಲ್ ಮುಗಿದರೆ ಏನೀಗ? ಬಾಗಿಲು ಹಾಕಿದೆ, ಗಾಜು ಏರಿಸಿದೆ. ಸುಮ್ನೆ ಕೂರಬಹುದಿತ್ತಲ್ಲ. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಮಂಜು ಕವಿದರೆ ನಮ್ಮ ಬಾನೆಟ್ ನಮಗೇ ಕಾಣುವುದಿಲ್ಲ. ಪಕ್ಕಕ್ಕೆ ಹಾಕಿ, ಪಾರ್ಕಿಂಗ್ ಲೈಟ್ ಹಾಕಿ ಕಾಯುತ್ತೇವೆ. ಅರ್ಧ ಗಂಟೆಯೋ ಒಂದು ಗಂಟೆಯೋ.

ಬಾಲ್ಕನಿ ಸೀಟು:
ಅಣ್ಣಾ, ಚಾರ್ಮಾಡಿ ಮಂಜಿನಲ್ಲಿ ಮನೆಯಷ್ಟು ದೊಡ್ಡ ಜೇಡ ಇರುತ್ತಾ?

ಘಾಟಿ ಡ್ರೈವರ್:
ಆನೆ ಇರುತ್ತದೆ.

ಸೀತಾಳೆ:
ನಗು ಬಂತು. ಆದರೆ ಒಂದು ಮಾತು. ಬಿಲ್ಲಿ ಅಂಗಡಿಯಲ್ಲಿ ಅಪ್ಪನ ಹತ್ತಿರ ಭಾಷೆ ತೆಗೆದುಕೊಳ್ಳುತ್ತಾನೆ, ಏನೇ ಆದರೂ ನನ್ನನ್ನ ರಾಕ್ಷಸರ ಕೈಗೆ ಬಿಡಬೇಡ ಅಂತ. ಆ ಭಾಷೆ ಇಲ್ಲದೆ ಕೊನೆ ಅರ್ಥ ಆಗುವುದಿಲ್ಲ. ಜೊತೆಗೆ ದಾರಿಯುದ್ದಕ್ಕೂ ಏನು ನೋಡಿದರು ಅನ್ನುವುದನ್ನ ಮರೆಯಬೇಡಿ. ಮನೆ ಮುಂದೆ ಹೆಂಡತಿ ಬಲೆಯಲ್ಲಿ ಸುತ್ತಿಕೊಂಡು ಸತ್ತಿದ್ದಾಳೆ. ಮಕ್ಕಳ ಸ್ಕೂಲ್ ಬಸ್ಸಿನ ತುಂಬಾ ಜೇಡರ ಬಲೆ. ಆಕಾಶದಷ್ಟು ಎತ್ತರದ ಪ್ರಾಣಿ ರಸ್ತೆ ದಾಟುತ್ತದೆ. ಇಷ್ಟು ನೋಡಿದವರು ಗಾಜು ಏರಿಸಿ ಕಾಯುತ್ತಾರಾ?
ನನಗೆ ಇಷ್ಟವಾಗದ್ದು ಕಾರ್ಮೊಡಿ ಪಾತ್ರ. ಬಾತ್‌ರೂಮಿನಲ್ಲಿ ಒಬ್ಬಳೇ ಅಳುತ್ತಾ ಪ್ರಾರ್ಥನೆ ಮಾಡುವ ದೃಶ್ಯ ಒಂದಿದೆ, ಅಲ್ಲಿ ಮನುಷ್ಯಳಾಗಿ ಕಾಣುತ್ತಾಳೆ. ಆಮೇಲೆ ಬರೀ ಕೂಗಾಟ. ಮಾರ್ಸಿಯಾ ಗೇ ಹಾರ್ಡನ್ ಅಂಥ ನಟಿಗೆ ಇನ್ನೂ ಕೊಡಬಹುದಿತ್ತು.

ಘಾಟಿ ಡ್ರೈವರ್:
"ಗಾಜು ಏರಿಸಿ ಕಾಯುತ್ತಾರಾ" ಅಂದಿರಲ್ಲ ಮೇಡಂ, ಕಾಯುತ್ತಾರೆ. ಆ ಎತ್ತರದ ಪ್ರಾಣಿ ಕಾರಿನ ಪಕ್ಕದಲ್ಲೇ ಹೋಯಿತು. ಏನಾದರೂ ಮಾಡಿತಾ? ಕಾರನ್ನ ಮೂಸಿಯೂ ನೋಡಲಿಲ್ಲ. ನೀವೇ ನನ್ನ ಪರ ಸಾಕ್ಷಿ ಕೊಟ್ಟಿರಿ.

ರಾತ್ರಿಪಾಳಿ:
ಸ್ವಲ್ಪ ವಿಷಯಕ್ಕೆ ಬನ್ನಿ. ಗ್ರಾಫಿಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿಯ ಹಿಂದಿನ ಗೋಡೌನ್‌ನಲ್ಲಿ ಶಟರ್ ಎತ್ತಿದಾಗ ಆಕ್ಟೋಪಸ್ ತೋಳುಗಳು ಒಳಗೆ ಬಂದು ಹುಡುಗನನ್ನ ಎಳೆಯುತ್ತವೆ. ಆ ತೋಳು ರಬ್ಬರ್ ಪೈಪಿನ ಹಾಗೆ ಕಾಣುತ್ತದೆ, 2007ಕ್ಕೂ ಸಾಲದು.

ಬಾಲ್ಕನಿ ಸೀಟು:
ಕಪ್ಪು ಬಿಳುಪಿನ ಆವೃತ್ತಿ ನೋಡಿ. ಡಿವಿಡಿಯಲ್ಲಿ ಅದೂ ಬಂತು, ಡಾರಬಾಂಟ್‌ಗೆ ಅದೇ ಜಾಸ್ತಿ ಇಷ್ಟ. ಬಣ್ಣ ತೆಗೆದರೆ ತೋಳು ಹಳೇ ಕಾಲದ ರಾಕ್ಷಸ ಸಿನಿಮಾದ ಹಾಗೆ ಹೊಂದಿಕೊಳ್ಳುತ್ತದೆ.
ಘಾಟಿ ಅಣ್ಣ, ಪಕ್ಕದಲ್ಲೇ ಹೋಯಿತು ಅಂದಿರಲ್ಲ, ಅದು ದೊಡ್ಡದು. ಚಿಕ್ಕವು? ರಾತ್ರಿ ಅಂಗಡಿಯ ದೊಡ್ಡ ಗಾಜೇ ಒಡೆದು ಒಳಗೆ ನುಗ್ಗಲಿಲ್ಲವಾ? ಕಾರಿನ ಗಾಜು ಯಾವ ಲೆಕ್ಕ?

ಘಾಟಿ ಡ್ರೈವರ್:
ಅಂಗಡಿಯಲ್ಲಿ ಲೈಟ್ ಹಾಕಿದ್ದರು, ಹುಳ ಬಂದವು. ಹುಳ ತಿನ್ನಲು ಹಕ್ಕಿಯಂಥವು ಬಂದವು. ಕಾರಿನಲ್ಲಿ ಲೈಟ್ ಆರಿಸಿ ಕೂತರೆ ಯಾಕೆ ಬರುತ್ತವೆ? ನಿಮ್ಮ ಸಿನಿಮಾವೇ ಹೇಳಿದ್ದು ಇದು.

ಲೆಕ್ಕದ ಮೇಷ್ಟ್ರು:
ಎಲ್ಲರೂ ಒಂದು ಬಿಟ್ಟಿದ್ದೀರಿ. ಅಂಗಡಿಯ ನೌಕರ ಒಲ್ಲಿ ಅದೇ ರಿವಾಲ್ವರ್‌ನಿಂದ ಕಾರ್ಮೊಡಿಗೆ ಎರಡು ಗುಂಡು ಹೊಡೆಯುತ್ತಾನೆ. ಮೊದಲನೆಯದು ಅವಳ ಕೈಯಲ್ಲಿದ್ದ ಹಾಲಿನ ಡಬ್ಬ ತೂರಿ ಹೊಟ್ಟೆಗೆ, ಎರಡನೆಯದು ಹಣೆಗೆ. ಒಂದರಲ್ಲೇ ಮುಗಿಸಿದ್ದರೆ ಕಾರಿನಲ್ಲಿ ಐದು ಗುಂಡು, ಐದು ಜನ. ಲೆಕ್ಕ ಸರಿಹೋಗುತ್ತಿತ್ತು. ಡೇವಿಡ್‌ಗೆ ಟ್ಯಾಂಕು ನೋಡುವ ಕರ್ಮ ಇರುತ್ತಿರಲಿಲ್ಲ.

ಓದುಗುಳಿ:
ಮೇಷ್ಟ್ರೇ, ಅದು ಲೆಕ್ಕ ಅಲ್ಲ, ಅದೇ ಸಿನಿಮಾದ ವಿಷ. ಮೊದಲ ಗುಂಡಿಗೇ ಅವಳ ಮಾತು ನಿಂತಿತ್ತು. ಎರಡನೆಯದು ಸಿಟ್ಟಿನದ್ದು.

ಬಾಲ್ಕನಿ ಸೀಟು:
"ಸಿಟ್ಟಿನದ್ದು" ಅನ್ನಲು ಒಲ್ಲಿ ನಿಮ್ಮ ಹತ್ತಿರ ಹೇಳಿದನಾ? ಒಲ್ಲಿ ಪಾತ್ರ ಮಾಡಿದ ಟೋಬಿ ಜೋನ್ಸ್ ಮುಖ ನೋಡಿ ಸಾರ್ ಅಲ್ಲಿ. ಹೊಡೆದ ಮೇಲೆ ಅಳು ನುಂಗಿಕೊಂಡು ನಿಲ್ಲುತ್ತಾನೆ. ಸುಮ್ನೆ ಏನೋ ಬರೆಯಬೇಡಿ.

ಓದುಗುಳಿ:
ಏನೋ ಬರೆಯುತ್ತಿರುವುದು ಯಾರು? ಪುಸ್ತಕ ಓದದೆ ಸಿನಿಮಾ ಸಮರ್ಥಿಸುವವರಿಗೆ ಹೀಗೇ ಆಗುವುದು.

ಬಾಲ್ಕನಿ ಸೀಟು:
ಶುರು ಆಯಿತು "ಪುಸ್ತಕ ಓದಿದ್ದೇನೆ". ಇಲ್ಲಿ ಸಿನಿಮಾ ಮಾತಾಡುತ್ತಿದ್ದೇವೆ. ಲೈಬ್ರರಿಗೆ ಹೋಗಿ.

ಘಾಟಿ ಡ್ರೈವರ್:
ನೀವಿಬ್ಬರೂ ಜಗಳ ಮುಗಿಸಿ ಒಂದು ಹೇಳಿ. ಸೇನೆ ಕಾರಿನ ಹಿಂದಿನಿಂದ ಬಂತಾ, ಮುಂದಿನಿಂದ ಬಂತಾ?

ಲೆಕ್ಕದ ಮೇಷ್ಟ್ರು:
ಹಿಂದಿನಿಂದ. ಸೇನೆಯ ಟ್ರಕ್ಕಿನಲ್ಲಿ ಊರಿನ ಜನವೇ ಇದ್ದಾರೆ. ಶುರುವಿನಲ್ಲಿ ಮಕ್ಕಳು ಮನೆಯಲ್ಲಿದ್ದಾರೆ, ಯಾರಾದರೂ ಜೊತೆಗೆ ಬನ್ನಿ ಎಂದು ಬೇಡಿಕೊಂಡು ಒಬ್ಬಳೇ ಹೊರಟಳಲ್ಲ, ಆ ಹೆಂಗಸು ಮಕ್ಕಳ ಜೊತೆ ಟ್ರಕ್ಕಿನಲ್ಲಿ ನಿಂತಿದ್ದಾಳೆ. ಊರು ಇದ್ದದ್ದು ಕಾರಿನ ಹಿಂದೆ. ಅಂದರೆ ಡೇವಿಡ್ ಅಷ್ಟು ಹೊತ್ತು ರಕ್ಷಣೆಯಿಂದ ದೂರ ಓಡುತ್ತಿದ್ದ.

ಘಾಟಿ ಡ್ರೈವರ್:
ಹಾಗಾದರೆ ಪೆಟ್ರೋಲ್ ಹಾಳು ಮಾಡಿಕೊಂಡು ಓಡಿದ್ದೇ ತಪ್ಪು. ನಾನು ಹೇಳಿದ್ದೂ ಅದನ್ನೇ.

ರಾತ್ರಿಪಾಳಿ:
ಅಯ್ಯೋ ದೇವರೇ, ಪೆಟ್ರೋಲ್ ಬಿಡಿ! ನಾನು "ಮೋಸ" ಅಂದದ್ದು ಇದಕ್ಕೇ. ಗುಂಡು ಹೊಡೆದ ಸ್ವಲ್ಪ ಹೊತ್ತಿಗೇ ಸೇನೆ ಬರುತ್ತದೆ. ಟ್ಯಾಂಕು ಅಷ್ಟು ಸದ್ದು ಮಾಡುತ್ತದೆ, ಇವರಿಗೆ ಕೇಳಿಸುವುದಿಲ್ಲವಾ? ನಿರ್ದೇಶಕ ಅದನ್ನ ಮೂಲೆಯಲ್ಲಿ ಅಡಗಿಸಿಟ್ಟು, ಗುಂಡು ಮುಗಿದ ಮೇಲೆ ಹೊರಗೆ ಬಿಟ್ಟ.

ಸೀತಾಳೆ:
ಕೇಳಿಸುತ್ತದೆ! ಗರ ಗರ ಸದ್ದು ಬರುತ್ತದೆ. ಅದನ್ನ ಅವನು ರಾಕ್ಷಸನ ಸದ್ದು ಅಂದುಕೊಳ್ಳುತ್ತಾನೆ, "ಬಾ" ಎಂದು ಕೂಗುತ್ತಾನೆ. ಎರಡು ದಿನ ಮಂಜಿನಲ್ಲಿ ಸತ್ತವರನ್ನ ನೋಡಿದ ಕಿವಿಗೆ ಎಲ್ಲಾ ಸದ್ದೂ ರಾಕ್ಷಸನದ್ದೇ. ನನಗೆ ಅದು ಮೋಸ ಅನ್ನಿಸಲಿಲ್ಲ.

ಓದುಗುಳಿ:
ಇನ್ನೊಂದು ವಾದ ಇದೆ, ಹೇಳಿದರೆ ಎಲ್ಲರೂ ಮೈಮೇಲೆ ಬರುತ್ತೀರಿ. ಕಾರ್ಮೊಡಿ ಬಲಿಗೆ ಕೇಳಿದ್ದು ಯಾರನ್ನ? ಬಿಲ್ಲಿಯನ್ನ, ಜೊತೆಗೆ ಅವನನ್ನ ನೋಡಿಕೊಳ್ಳುತ್ತಿದ್ದ ಅಮಾಂಡಾಳನ್ನ. ಇಬ್ಬರೂ ಕಾರಿನಲ್ಲಿ ಸತ್ತರು. ತಕ್ಷಣ ಮಂಜು ಸರಿಯಿತು. ಸಿನಿಮಾ ಅವಳೇ ಸರಿ ಅಂದ ಹಾಗೆ ಆಗಲಿಲ್ಲವಾ? ಅಂಗಡಿಯಲ್ಲಿ ಆ ದೊಡ್ಡ ಹುಳ ಅವಳ ಮೈಮೇಲೆ ಕೂತು ಕಚ್ಚದೆ ಹಾರಿಹೋಗುವುದೂ ಹಾಗೇ. ಕೆರೆಗೆ ನೀರು ಬರಲು ಭಾಗೀರಥಿಯನ್ನ ಬಲಿ ಕೊಟ್ಟ ಲಾವಣಿ ಕೇಳಿ ಬೆಳೆದ ನಮಗೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ.

ಸೀತಾಳೆ:
ಭಾಗೀರಥಿ ಹಾಡಿನಲ್ಲಿ ಕೆರೆ ತುಂಬಿತು ಎಂದು ಯಾರೂ ಕುಣಿಯುವುದಿಲ್ಲ ಸಾರ್. ಓಡಿ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಬಲಿ ಕೊಟ್ಟ ಮಾವನನ್ನ ಆ ಹಾಡು ಸರಿ ಅನ್ನುತ್ತದಾ? ನಿಮ್ಮ ಉದಾಹರಣೆಯೇ ನಿಮಗೆ ತಿರುಗಿಬಿತ್ತು. ಮಂಜು ಸರಿದದ್ದು ಸೇನೆ ಬೆಂಕಿ ಹಚ್ಚಿ ಬಲೆ ಸುಡುತ್ತಾ ಬಂದದ್ದಕ್ಕೆ, ಪರದೆ ಮೇಲೇ ಕಾಣುತ್ತದೆ. ಟ್ರಕ್ಕಿನಲ್ಲಿರುವ ಆ ತಾಯಿ ಡೇವಿಡ್‌ನನ್ನ ನೋಡುತ್ತಾಳಲ್ಲ, ಮಾತಿಲ್ಲ, ಬರೀ ನೋಟ. ಅವತ್ತು ಜೊತೆಗೆ ಬನ್ನಿ ಅಂದಾಗ ಅವನೂ ಮಗನನ್ನ ಬಿಟ್ಟು ಬರಲಾರೆ ಅಂದಿದ್ದ. ನಾನು ಎರಡು ಸಲ ನೋಡಿದ್ದೇನೆ, ಎರಡು ಸಲವೂ ಆ ನೋಟಕ್ಕೆ ಟಿವಿ ಆಫ್ ಮಾಡಿ ಪಕ್ಕದ ರೂಮಿನಲ್ಲಿ ಮಲಗಿದ್ದ ನನ್ನ ಮಗನನ್ನ ನೋಡಿಬಂದೆ.

ಬಾಲ್ಕನಿ ಸೀಟು:
"ಎರಡು ಸಲ ನೋಡಿದ್ದೇನೆ" ಅಂದರೆ ಸಿನಿಮಾ ಗೆದ್ದ ಹಾಗೇ ತಾನೆ. ನಾನು ಮೊದಲೇ ಹೇಳಿದೆ.

ಓದುಗುಳಿ:
ಹಾಡಿನ ಮಾತು ಒಪ್ಪಿದೆ, ಅದಷ್ಟೇ. ಹುಳದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಹೊಸಬ 22:
ಏನ್ರೀ ಇದು, ಕ್ಲೈಮ್ಯಾಕ್ಸ್ ಪೂರ್ತಿ ಬರೆದುಬಿಟ್ಟಿದ್ದೀರಿ! ಇವತ್ತು ರಾತ್ರಿ ನೋಡೋಣ ಅಂದುಕೊಂಡಿದ್ದೆ.

ರಾತ್ರಿಪಾಳಿ:
ಮೂರನೇ ಸಾಲು... ಅಲ್ಲ, ಎರಡನೇ ಸಾಲಿನಲ್ಲೇ ವಾಪಸ್ ಹೋಗಿ ಅಂದಿದ್ದೆನಲ್ಲಪ್ಪಾ.

ಹೊಸಬ 22:
ನಾನು ಕೊನೆಯಿಂದ ಮೇಲಕ್ಕೆ ಓದಿದೆ. ಹೋಗಲಿ, ಪೆಟ್ರೋಲ್ ಎಷ್ಟಿತ್ತು ಆ ಗಾಡಿಯಲ್ಲಿ?

ಬಾಲ್ಕನಿ ಸೀಟು:
ಇನ್ನೊಬ್ಬ ಬಂದ.

ಘಾಟಿ ಡ್ರೈವರ್:
ಒಳ್ಳೇ ಪ್ರಶ್ನೆ ತಮ್ಮಾ. ಎಷ್ಟಿದ್ದರೂ ಸರಿ, ಮುಳ್ಳು ಕೆಳಗೆ ಬರುವ ಮೊದಲೇ ರಸ್ತೆ ಪಕ್ಕ ನಿಲ್ಲಿಸಬೇಕಿತ್ತು. ನನಗೆ ನಾಲ್ಕು ಗಂಟೆಗೆ ಎದ್ದು ಡ್ಯೂಟಿಗೆ ಹೋಗಬೇಕು, ಮಲಗುತ್ತೇನೆ. ಗಾಜು ಏರಿಸಿತ್ತು, ಅದೊಂದು ನೆನಪಿರಲಿ.