ಮೋಡೆಮ್ ರೌಟರ್ ತೆಗೆಯದೆ ಮೆಶ್ ವೈಫೈ: ಮಾಡಿದವರು ಹೇಳಿ

ಪ್ರಶ್ನೆ: ಲೈನ್ ಬರೋದೇ ಮೋಡೆಮ್ ರೌಟರ್‌ಗೆ, ಅದನ್ನ ತೆಗೆಯೋ ಹಾಗಿಲ್ಲ. ಮೂರು ಪೆಟ್ಟಿಗೆಯ ಮೆಶ್ ಸೆಟ್ (ಮನೆತುಂಬ ಒಂದೇ ವೈಫೈ ಹರಡೋ ಪೆಟ್ಟಿಗೆಗಳು) ಇದೆ. ಬ್ರಿಡ್ಜ್ ಮೋಡ್ (ಮೋಡೆಮ್ ಬರೀ ಲೈನ್ ದಾಟಿಸುತ್ತೆ, ರೌಟರ್ ಕೆಲಸ ಮೆಶ್‌ದು) ಮಾಡಲೋ, ಆಕ್ಸೆಸ್ ಪಾಯಿಂಟ್ ಅಂದ್ರೆ ಎಪಿ ಮೋಡ್ (ರೌಟರ್ ಕೆಲಸ ಮೋಡೆಮ್‌ದೇ, ಮೆಶ್ ಬರೀ ವೈಫೈ ಹರಡುತ್ತೆ) ಸಾಕೋ? ಮಹಡಿ ಮೇಲೆ ಸಿಗ್ನಲ್ ಸೊನ್ನೆ.

ಬ್ರಿಡ್ಜ್ ಪಕ್ಷ: ಬ್ರಿಡ್ಜ್. ಬೇರೆ ಮಾತಿಲ್ಲ. ಪಿಪಿಪಿಒಇ (ನೆಟ್ ಕಂಪನಿಯ ಲಾಗಿನ್) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಕಂಪನಿ ಲೈನಿಗೆ ಕೊಟ್ಟ ಗುರುತು) ಮೊದಲೇ ಬರೆದಿಟ್ಕೊಳ್ಳಿ. ಬ್ರಿಡ್ಜ್ ಮಾಡಿದ ಮೇಲೆ ಹುಡುಕೋಕೆ ನೆಟ್ ಇರಲ್ಲ. ವಿಲ್ಯಾನ್ ತಪ್ಪಿದ್ರೆ ಪಾಸ್‌ವರ್ಡ್ ಸರಿಯಿದ್ರೂ ಲೈನ್ ಏಳಲ್ಲ. ಎಮ್‌ಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492. ಮೋಡೆಮ್, ಮೆಶ್ ಎರಡನ್ನೂ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮೋಡೆಮ್ ಮೊದಲು ಆನ್ ಮಾಡಿ, ಆಮೇಲೆ ಮೆಶ್. ಕೆಲವು ಮೋಡೆಮ್ ಹಳೆಯ ಮ್ಯಾಕ್ ವಿಳಾಸ (ಸಾಧನದ ಗುರುತಿನ ನಂಬರ್) ಹಿಡ್ಕೊಂಡೇ ಕೂತಿರುತ್ತೆ. ಎರಡನ್ನೂ ರೌಟರ್ ಆಗಿಯೇ ಬಿಟ್ರೆ ಡಬಲ್ ನ್ಯಾಟ್ (ಮನೆಯ ಐಪಿ ವಿಳಾಸಗಳನ್ನ ಹೊರಗಿನ ವಿಳಾಸಕ್ಕೆ ಬದಲಾಯಿಸೋ ಕೆಲಸ ಎರಡು ಸಲ). ಎರಡರ ವಿಳಾಸವೂ 192.168.1.1 ಅಂತ ಕೂತ್ರಂತೂ ಮುಗೀತು, ಪ್ಯಾಕೆಟ್ ಹೊರಗೇ ಹೋಗಲ್ಲ.

ಎಪಿ ಸಾಕು: ಬ್ರಿಡ್ಜ್ ಭಕ್ತರು ಅರ್ಧ ಕಥೆ ಹೇಳ್ತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಬ್ರಿಡ್ಜ್ ಆದ ಕೂಡಲೇ ಮೋಡೆಮ್‌ನ ಉಳಿದ ಪೋರ್ಟ್‌ಗಳು ಸತ್ತ ಹಾಗೆ. ಅಲ್ಲಿ ಚುಚ್ಚಿದ ಟಿವಿ ಪೆಟ್ಟಿಗೆ, ಪ್ರಿಂಟರ್ ಎಲ್ಲ ಎತ್ತಂಗಡಿ. ಎಪಿ ಮೋಡ್‌ನಲ್ಲಿ ಐಪಿ ಹಂಚೋದು ಮೋಡೆಮ್ ಒಂದೇ, ಎಲ್ಲ ಒಂದೇ ನೆಟ್‌ವರ್ಕ್. ಕಳ್ಕೊಳ್ಳೋದು ಮೆಶ್ ಆ್ಯಪ್‌ನ ಪೇರೆಂಟಲ್ ಕಂಟ್ರೋಲ್, ಕ್ಯೂಒಎಸ್ (ಯಾವುದಕ್ಕೆ ಮೊದಲು ನೆಟ್ ಅಂತ ಗೊತ್ತುಮಾಡೋದು) ಥರದ್ದು. ಒಂದೇ ಷರತ್ತು: ಮೋಡೆಮ್‌ನ ವೈಫೈ ಆಫ್, 2.4, 5 ಗಿಗಾಹರ್ಟ್ಸ್ ಎರಡೂ. ಆಮೇಲೆ ಅದರ ಹಳೆಯ ಹೆಸರು, ಪಾಸ್‌ವರ್ಡನ್ನೇ ಮೆಶ್‌ಗೆ ಕೊಡಿ, ಬಲ್ಬು ಪ್ಲಗ್ಗು ಒಂದೊಂದಾಗಿ ಮತ್ತೆ ಸೇರಿಸೋ ಕರ್ಮ ತಪ್ಪುತ್ತೆ. ಡಬ್ಲ್ಯೂಪಿಎ3 (ಹೊಸ ವೈಫೈ ಭದ್ರತೆ) ಮಾತ್ರ ಅಂತ ಇಟ್ರೆ ಹಳೆಯ ಬಲ್ಬುಗಳು ಬರಲ್ಲ.

ಬ್ರಿಡ್ಜ್ ಪಕ್ಷ: ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಮನೆಯ ಸಾಧನಕ್ಕೆ ದಾರಿ) ಮಾಡೋರು ನಿಮ್ಮ ಮಾತು ಕೇಳಿ ಕೆಟ್ಟರು.

ಎಪಿ ಸಾಕು: ಯಾಕೆ? ಎಪಿ ಮೋಡ್‌ನಲ್ಲಿ ನ್ಯಾಟ್ ಒಂದೇ, ಫಾರ್ವರ್ಡನ್ನ ಮೋಡೆಮ್‌ನಲ್ಲೇ ಹಾಕಿ. ಮೋಡೆಮ್‌ನ ವ್ಯಾನ್ ಐಪಿ (ಹೊರಗಿನ ಲೈನ್ ಕಡೆಯ ವಿಳಾಸ) 100.64ರಿಂದ 100.127ರೊಳಗೆ ಇದ್ರೆ ಕಂಪನಿಯೇ ಹೊರಗೆ ಇನ್ನೊಂದು ನ್ಯಾಟ್ ಹಾಕಿದೆ. ಆಗ ನಿಮ್ಮ ಬ್ರಿಡ್ಜೂ ದಂಡ. ಮೊದಲು ಅದನ್ನ ನೋಡಿ, ಆಮೇಲೆ ಬೈರಿ.

ತಂತಿ ಎಳೆದವ: ಸೊನ್ನೆ ಇರೋದು ಮಹಡಿ ಮೇಲೆ, ನೀವಿಬ್ರೂ ಮೋಡ್ ಹಿಡ್ಕೊಂಡು ಕಿತ್ತಾಡ್ತಿದ್ದೀರಿ. ಪೆಟ್ಟಿಗೆ ಇಡೋದು ಸಿಗ್ನಲ್ ಸತ್ತ ಜಾಗದಲ್ಲಲ್ಲ, ಸಾಯೋ ಮುಂಚಿನ ಜಾಗದಲ್ಲಿ. ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ಸಿಗಬೇಕು. ಡ್ಯುಯಲ್ ಬ್ಯಾಂಡ್ ಸೆಟ್ ಆದ್ರೆ ಗಾಳಿಯಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಂದೊಂದು ಜಿಗಿತಕ್ಕೂ ವೇಗ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ಕೇಬಲ್. ಕ್ಯಾಟ್5ಇ ಸಾಕು, 100 ಮೀಟರ್‌ವರೆಗೆ 1 ಗಿಗಾಬಿಟ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಮುಟ್ಟಬೇಡಿ, ಬಾಗಿದ ಕಡೆ ಮುರಿಯುತ್ತೆ. ಎಂಟರಲ್ಲಿ ಒಂದು ತಂತಿ ಕೈಕೊಟ್ರೂ ಲಿಂಕ್ 1000 ಮೆಗಾಬಿಟ್‌ನಿಂದ 100ಕ್ಕೆ ಬೀಳಬಹುದು. ಜನ ಮೆಶ್‌ಗೆ ಶಾಪ ಹಾಕ್ತಾರೆ. ನೆಟ್‌ವರ್ಕ್ ಸ್ವಿಚ್ (ಪೋರ್ಟ್ ಹೆಚ್ಚಿಸೋ ಪೆಟ್ಟಿಗೆ) ಇದ್ರೆ, ಮೆಶ್ ರೌಟರ್ ಮೋಡ್‌ನಲ್ಲಿರುವಾಗ ಅದು ಮುಖ್ಯ ಪೆಟ್ಟಿಗೆಯ ಲ್ಯಾನ್ (ಮನೆಯೊಳಗಿನ) ಕಡೆಗೇ ಇರಬೇಕು, ಮೋಡೆಮ್‌ಗೂ ಮುಖ್ಯ ಪೆಟ್ಟಿಗೆಗೂ ನಡುವೆ ಅಲ್ಲ. ಪ್ಲಗ್ ಎರಡೂ ತುದಿ 568ಬಿ (ತಂತಿಗಳನ್ನ ಬಣ್ಣದ ಪ್ರಕಾರ ಜೋಡಿಸೋ ಕ್ರಮ; 568ಎ ಇನ್ನೊಂದು ಕ್ರಮ).

ಎಪಿ ಸಾಕು: 568ಎ ಹಾಕಿದ್ರೆ ಏನು ಮುಳುಗಿಹೋಗುತ್ತೆ?

ತಂತಿ ಎಳೆದವ: ಎರಡೂ ಕಡೆ ಎ ಆದ್ರೆ ಏನೂ ಆಗಲ್ಲ. ಗೋಡೆಯ ಸಾಕೆಟ್‌ನಲ್ಲಿ ಮೊದಲೇ ಬಿ ಇರುತ್ತೆ, ಇನ್ನೊಂದು ತುದಿಗೆ ನೀವು ಎ ಹಾಕ್ತೀರಿ.

ಬ್ರಿಡ್ಜ್ ಪಕ್ಷ: ಹಾಕಲಿ ಬಿಡಿ, ಗಿಗಾಬಿಟ್ ಪೋರ್ಟ್ ತಾನೇ ಅದಲುಬದಲು ಮಾಡ್ಕೊಳ್ಳುತ್ತೆ.

ತಂತಿ ಎಳೆದವ: ಮಾಡ್ಕೊಳ್ಳುತ್ತೆ. ಅದಕ್ಕೇ ಕೆಲಸ ಕೆಡಿಸಿಡೋದಾ?