ಸಹಾಯ ಬೇಕು: ಸಾಧನಕೇರಿ ಬಾವಲಿ ನೋಡೋ ಸಂಜೆಗೆ ಇನ್ನೊಂದು ಡಿಟೆಕ್ಟರ್

ನಮಸ್ಕಾರ ರೀ. ಬರೋ ಶನಿವಾರ ಧಾರವಾಡದ ಸಾಧನಕೇರಿ ಉದ್ಯಾನದಾಗ 15 ಮಂದಿಗೆ ಬಾವಲಿ ತೋರಿಸೋದದ. ಹೆಟೆರೊಡೈನ್ ಡಿಟೆಕ್ಟರ್ (ನಮ್ಮ ಕಿವಿಗೆ ಕೇಳದ ಬಾವಲಿ ಕೂಗನ್ನ, ಗುಂಡಿ ತಿರುವಿ ಹೊಂದಿಸಿ ಕೇಳೋ ಹಂಗ ಮಾಡೋ ಯಂತ್ರ) ಒಂದೇ ಅದ. ಇನ್ನೊಂದು ಯಾರರೆ ಎರಡು ತಾಸು ಕೊಡ್ತೀರೇನು? ಒಂದನ್ನ 45 ಕಿಲೋಹರ್ಟ್ಸ್ ಸುತ್ತ ಇಟ್ಟು ಹುಳ ತಿನ್ನೋ ಸಣ್ಣ ಬಾವಲಿ ಕೇಳಿಸಿದ್ರ, ಇನ್ನೊಂದನ್ನ ಮ್ಯಾಲೆ-ಕೆಳಗ ತಿರುವಿ ಬ್ಯಾರೆ ಜಾತಿ ಹುಡುಕಬಹುದು. 20ರ ಆಸುಪಾಸು ಕೀಟಗಳದ್ದ ಗದ್ದಲ, ಹೊಸಬರು ಅದನ್ನ ಬಾವಲಿ ಅಂತಾರ. ಎಲ್‌ಇಡಿ ದೀಪದ ಡ್ರೈವರ್ (ದೀಪಕ್ಕ ಕರೆಂಟ್ ಹೊಂದಿಸಿ ಕೊಡೋ ಸರ್ಕೀಟು) ಸೈತ ಒಂದೇ ಸಮನೆ ಗುಂಯ್ ಅನ್ನಿಸ್ತದ. ಕಂಬ ಬಿಟ್ಟು ದೂರ ನಿಂತ್ರ ಕಡಿಮಿ. ದೊಡ್ಡ ಹಣ್ಣಿನ ಬಾವಲಿಗೆ ಈ ಯಂತ್ರ ದಂಡ ಬಿಡ್ರಿ, ಅದು ಕಣ್ಣು-ಮೂಗು ನಂಬಿ ಹಾರೂದು.

ಟಾರ್ಚಿಗೆ ಸುತ್ತಲಿಕ್ಕೆ ಕೆಂಪು ಜಿಲೆಟಿನ್ ಹಾಳಿನೂ ಬೇಕು. ಕೆರಿ ದಂಡಿಗೆ ದೀಪ ಇಲ್ಲದ ಬದಿ ಯಾವುದು, ಹೇಳ್ರಿ. ಹೊತ್ತು ಮುಳುಗೂದರೊಳಗ ಅಲ್ಲಿ ನಿಂತಿರಬೇಕು.